ಇನ್ನೂರ ಮೂವತ್ತೊಂಬತ್ತು

ಉಪ್ಪಳ ರೈಲ್ವೆ ಗೇಟಿನ ಹತ್ತಿರ ಮುನಾಫನ ಅಂಗಡಿ.
ಮೇಜಿನ ಮೇಲೆ ಪೈವಳಿಕೆ ಬೀಡಿ ಬ್ರಾಂಚಿನ ಕಂಪ್ಯೂಟರು.
ಹೊಟ್ಟೆ ಬಿಚ್ಚಿದಾಗ ಒಂದು ಹಿಡಿ ಧೂಳು, ಒಣಗಿದ ಹಲ್ಲಿ,
ಇನ್ನೂ ಹೋಗದ ಹೊಗೆಸೊಪ್ಪಿನ ಘಾಟು.

ಫೈಲು ಸಿಕ್ಕಿದೆ. ತೆರೆಯುವುದಿಲ್ಲ.
ಬಿಳಿ ಚೌಕ, ಅದರೊಳಗೆ ಮಿಣುಕುವ ಒಂದು ಗೆರೆ.
"ಪಾಸ್‌ವರ್ಡ್ ಹಾಕಿದ್ದು ನೀವೇ ಅಲ್ವಾ ಜಲಜಕ್ಕ,
ನೆನಪು ಮಾಡಿ."

ಹಾಕಿದ್ದು ನಾನೇ. ಎರಡು ಸಾವಿರದ ನಾಲ್ಕನೇ ಇಸವಿ,
ಆರು ತಿಂಗಳ ಕೋರ್ಸಿನ ಸರ್ಟಿಫಿಕೇಟು ಇನ್ನೂ ಹಸಿ.
ಒಂಬೈನೂರು ಸಂಬಳ, ತಲೆ ಮೇಲೊಂದು ಫ್ಯಾನು.
ಜಗಲಿಯಲ್ಲಿ ಹೆಂಗಸರು ಕಟ್ಟು ಒಪ್ಪಿಸಿ,
ಚೆಕ್ಕರ್ ಬಿಸಾಡಿದ್ದನ್ನು ಮಾತಾಡದೆ ಹೆಕ್ಕಿಕೊಂಡು
ಕಿಟಕಿಯಿಂದ ಇಣುಕುತ್ತಿದ್ದರು:
ಸೀತುವಿನ ಮಗಳು ಕುರ್ಚಿಯಲ್ಲಿ ಕೂತಿದ್ದಾಳೆ.

ಹೊಡೆದು ನೋಡಿದೆ. ನನ್ನ ಹೆಸರು, ಹುಟ್ಟಿದ ದಿನ,
ಬ್ರಾಂಚಿನ ನಂಬರು. ಮುನಾಫ್ ಆಚೆ ನೋಡುವಾಗ
ಮದುವೆಯಾಗಬೇಕಿದ್ದವನ ಹೆಸರು ಕೂಡ.
ಒಂದೂ ಅಲ್ಲ.

ಹೊರಗೆ ಬೆಂಚಿನಲ್ಲಿ ಅವ್ವಮ್ಮ.
ಪಾಸುಬುಕ್ಕು ಹಾಲಿನ ತೊಟ್ಟೆಯೊಳಗೆ, ತೊಟ್ಟೆ ಚೀಲದೊಳಗೆ,
ಚೀಲ ಎರಡೂ ಕೈಯೊಳಗೆ.
ಮೂವತ್ತೊಂದು ವರ್ಷ ಸುತ್ತಿದ್ದಕ್ಕೆ ಗ್ರಾಚ್ಯುಟಿ ಕೇಳಿದರೆ
ದಾಖಲೆ ತನ್ನಿ ಅಂದರಂತೆ.
ಉಂಟು, ಕಂಪ್ಯೂಟರಲ್ಲಿ ಜಲಜ ಬರೆದಿಟ್ಟಿದ್ದಾಳೆ
ಅಂದಳಂತೆ ಇವಳು, ಎದೆ ತಟ್ಟಿ.

"ಹಳೇ ವರ್ಷನ್ ಅಕ್ಕ, ಬೀಗ ಅಂತ ಹೆಸರು ಮಾತ್ರ.
ಕೀಲಿಯನ್ನು ಬಾಗಿಲಿಗೇ ಅಂಟಿಸಿ ಸುಣ್ಣ ಬಳಿದ ಹಾಗೆ.
ಕೆರೆದರೆ ಬರ್ತದೆ."
ಯಾವುದೋ ಪುಟ್ಟ ಪ್ರೋಗ್ರಾಂ ಬಿಟ್ಟ.
ಹತ್ತೊಂಬತ್ತು ವರ್ಷದಲ್ಲಿ ನಾನು ಮರೆತದ್ದು
ಅವನು ಚಹಾದ ಗ್ಲಾಸು ಕೆಳಗಿಡುವಷ್ಟರಲ್ಲಿ ಬಂತು.

"ಕೆ, ಟಿ, ಎಫ್, ಟಿ, ಆರ್, ಐ.
ಇದೆಂಥದು ಅಕ್ಕ, ಅರ್ಥವೇ ಇಲ್ಲ!"

ಅವನಿಗಿಲ್ಲ. ಬೆರಳಿಗೆ ಉಂಟು.
ಕನ್ನಡದ ಕೀಲಿಮಣೆಯೆಂದುಕೊಂಡು ಇಂಗ್ಲಿಷಿನ ಮೇಲೆ ನಡೆದ ಬೆರಳು.
ಕ. ತ. ಎಫ್ ಎಂದರೆ ಒತ್ತು, ಇನ್ನೊಂದು ತ. ರ, ಅದಕ್ಕೊಂದು ಗುಡಿಸು.
ಕತ್ತರಿ.
ಅಮ್ಮನದು. ಹಿಡಿಗೆ ಸೈಕಲ್ ಟ್ಯೂಬು ಸುತ್ತಿದ್ದು,
ತಗಡಿನ ಅಳತೆಯಿಟ್ಟು ಎಲೆ ಕೊಯ್ಯುವಾಗ
ಇರುಳೆಲ್ಲ ಒಂದೇ ಮಾತಾಡುತ್ತಿದ್ದದ್ದು.

ತೆರೆಯಿತು.
ಸಾಲು ಸಾಲು ಹೆಸರು, ಜಾಗ ಸಾಲದೆ ತುದಿ ತುಂಡಾದವು:
ರತ್ನಾವತಿ ಬಾಯಿಕ, ಬೀಫಾತುಮ್ಮ ಪೊಸ,
ಎದುರಿಗೆ ಆ ವರ್ಷ ಕೆಲಸ ಮಾಡಿದ ದಿನ.
ಇನ್ನೂರ ಮೂವತ್ತೊಂಬತ್ತು.
ಇನ್ನೂರ ಮೂವತ್ತೊಂಬತ್ತು.
ಅವ್ವಮ್ಮ, ಇನ್ನೂರ ಮೂವತ್ತೊಂಬತ್ತು.

ಆಗ ನೆನಪಾಯಿತು ಉಳಿದದ್ದೆಲ್ಲ.
ಕಂಟ್ರಾಕ್ಟರು ಕುರ್ಚಿಯ ಹಿಂದೆ, ಬಾಯಿ ತುಂಬ ಎಲೆಯಡಕೆ:
"ನಲವತ್ತು ತುಂಬಿದರೆ ಕಾನೂನು ಏಳ್ತದೆ ಮಗಾ.
ಒಂದು ದಿನ ಬಿಟ್ಟು ಬರಿ. ಒಂದು ದಿನಕ್ಕೆ ಯಾರು ಸಾಯ್ತಾರೆ?"
ಯಾರೂ ಸಾಯಲಿಲ್ಲ. ನಾನು ಬರೆದೆ.
ಮೊದಲನೆಯದಕ್ಕೆ ಕೈ ನಡುಗಿತು. ಹತ್ತನೆಯದರಿಂದ
ನಕಲು ಮಾಡು, ಅಂಟಿಸು, ಅಂಟಿಸು, ಅಂಟಿಸು.

ನೂರ ಹದಿನೇಳನೇ ಸಾಲು.
ಸೀತು, ಗಂಡ ದಿವಂಗತ ಬಾಬು: ಇನ್ನೂರ ಅರವತ್ತೆಂಟು.
ಅವಳೊಬ್ಬಳ ಲೆಕ್ಕ ಸರಿಯಿತ್ತು.
ಕಂಟ್ರಾಕ್ಟರಿಗೂ ಕಾಣಬಾರದೆಂದು ಆ ಸಂಜೆಯೇ
ಬಾಗಿಲಿಗೆ ಕತ್ತರಿ ಇಟ್ಟದ್ದು.
ಬಂದ ಹಣದಲ್ಲಿ ಬಚ್ಚಲಿಗೆ ಸಿಮೆಂಟು ಹಾಕಿಸಿದೆವು.
ದೇವರು ದೊಡ್ಡವ ಅಂದಿದ್ದಳು ಅಮ್ಮ, ಬಿಸಿನೀರು ಹೊಯ್ದುಕೊಳ್ಳುತ್ತ.

"ತಿಕ್ಕ್‌ಂಡಾ ಬಾಲೇ?"
ಒಳಗೆ ಬಂದೇ ಬಿಟ್ಟಳು ಅವ್ವಮ್ಮ.
ಕನ್ನಡ ಓದಲು ಬಾರದು, ಮಲಯಾಳ ತಡವರಿಸುತ್ತಾಳೆ.
ಅಂಕೆ ಮಾತ್ರ ಯಾರ ಹಂಗೂ ಇಲ್ಲದೆ ಬರುತ್ತದೆ.
ಇಪ್ಪತ್ತೈದರ ಕಟ್ಟಿನಲ್ಲಿ ಒಂದು ಬೀಡಿ ಕಡಿಮೆಯಿದ್ದರೆ
ಎಣಿಸುವ ಮೊದಲೇ ಅಂಗೈ ಹೇಳುವ ಜೀವ.

ಮಾನಿಟರು ಹಳೇದು, ಬೆನ್ನು ದೊಡ್ಡದು.
ಅವಳ ಕಡೆ ತಿರುಗಿಸಲು ನನ್ನೊಬ್ಬಳಿಂದ ಆಗಲಿಲ್ಲ.
ಮುನಾಫಾ, ಆ ತುದಿ ಹಿಡಿ ಎಂದೆ.